ಪಾಚಿ ಪುಡಿ ಮತ್ತು ಮುನಿಯಮ್ಮನ ಬಕೆಟ್ಟು

ಹಸು ಸಾಕಿದವರ ಮನೆಗೆ ಹೋದಾಗಲೆಲ್ಲ ನಾನು ಮೊದಲು ಬೈಯುತ್ತಿದ್ದದ್ದು ನೀರಿನ ತೊಟ್ಟಿಯ ವಿಷಯಕ್ಕೆ. "ಪಾಚಿ ಕಟ್ಟಿದೆ, ತಿಕ್ಕಿ ತೊಳೀರಪ್ಪ, ಸುಣ್ಣ ಬಳೀರಪ್ಪ" ಎಂದು ಹೇಳಿ ಹೇಳಿ ನಾಲಿಗೆ ಸವೆದಿತ್ತು. ಅಂಥವನು ನಿವೃತ್ತಿಗೆ ಮೂರು ವರ್ಷ ಇದೆ ಅನ್ನುವಾಗ ಅದೇ ಜನರ ಮುಂದೆ ನಿಂತು, "ಹಸುವಿಗೆ ಪಾಚಿ ತಿನ್ನಿಸಿ, ಒಳ್ಳೇದು" ಅಂದೆ. ಡೇರಿಯ ಸಭೆಯಲ್ಲಿ ಕೂತಿದ್ದ ಪಿಳ್ಳಪ್ಪ ಎಂಬ ಹಿರಿಯರು ಟವೆಲ್ಲು ಹೆಗಲಿಗೆ ಹಾಕಿಕೊಂಡು ಎದ್ದು ನಿಂತರು. "ಸಾ, ಅಂಗಾರೆ ಇಷ್ಟ್ ವರ್ಷ ನಮ್ ಕೈಲಿ ತಿಕ್ಸಿ ತಿಕ್ಸಿ ಚೆಲ್ಲಿಸಿದ್ದು ಟಾನಿಕ್ಕಾ?" ಎಂದು ಕೇಳಿದರು. ಡೇರಿಗೆ ಡೇರಿಯೇ ನಕ್ಕಿತು. ನಾನೂ ನಕ್ಕೆ. ತನ್ನನ್ನು ನೋಡಿ ತಾನೇ ನಗಲು ಬಾರದವರು ಈ ಕೆಲಸಕ್ಕೆ ಸೇರಬೇಡಿ ಎಂದು ಹೊಸದಾಗಿ ಬರುತ್ತಿರುವವರಿಗೆ ಈಗಲೇ ಹೇಳಿಬಿಡುತ್ತೇನೆ.

ನಾನು ಡಾಕ್ಟರಲ್ಲ. ಪಶು ಆಸ್ಪತ್ರೆಯಲ್ಲಿ ಡಾಕ್ಟರ ಕೈಕೆಳಗೆ ಇದ್ದವನು. ಲಸಿಕೆ ಹಾಕುವುದು, ಗಬ್ಬ ಕಟ್ಟಿಸುವುದು, ಕಿವಿಗೆ ಓಲೆ ಹಾಕಿ ನಂಬರು ಬರೆದುಕೊಳ್ಳುವುದು, ಇಷ್ಟು ನನ್ನ ಕೆಲಸ. ಆದರೆ ಬೈಕಿನ ಹಿಂದೆ ಐಸ್ ಡಬ್ಬ ಕಟ್ಟಿಕೊಂಡು ಊರೊಳಗೆ ಬಂದವರೆಲ್ಲ ಹಳ್ಳಿಯವರಿಗೆ ಡಾಕ್ಟರೇ. ಮೊದಮೊದಲು ತಿದ್ದುತ್ತಿದ್ದೆ. ಆಮೇಲೆ ಸುಮ್ಮನಾದೆ, ಯಾಕೆಂದರೆ ಕರೆಸಿಕೊಳ್ಳಲು ಚೆನ್ನಾಗಿಯೇ ಇತ್ತು.

ಪಾಚಿ ಅಂದರೆ ತೊಟ್ಟಿಯ ಪಾಚಿಯಲ್ಲ. ಸ್ಪಿರುಲಿನಾ ಎಂಬ ಒಂದು ಜಾತಿ. ದೊಡ್ಡಬಳ್ಳಾಪುರದ ಕಡೆ ಒಬ್ಬರು ಅದನ್ನು ಸಿಮೆಂಟ್ ತೊಟ್ಟಿಗಳಲ್ಲಿ ಬೆಳೆಸಿ, ಬಟ್ಟೆಯಲ್ಲಿ ಸೋಸಿ, ಒಣಗಿಸಿ ಪುಡಿ ಮಾಡುತ್ತಿದ್ದರು. ಕಡು ಹಸಿರು ಪುಡಿ. ಬೂಸದ ಜೊತೆ ದಿನಕ್ಕೆ ಒಂದಿಷ್ಟು ಬೆರೆಸಿ ಕೊಟ್ಟರೆ ಹಸುವಿಗೆ ಪುಷ್ಟಿ ಎಂದು ಮೇಲಿನವರು ಹೇಳಿಕಳಿಸಿದರು. ನಾನು ಸಭೆಯಲ್ಲಿ ಅದನ್ನೇ ಒಪ್ಪಿಸಿದೆ. ಆದರೆ ತೊಟ್ಟಿಯ ಪಾಚಿಯೇ ಬೇರೆ, ಇದೇ ಬೇರೆ ಎಂದು ಬಿಡಿಸಿ ಹೇಳಬೇಕಿತ್ತು. ಹೇಳಲಿಲ್ಲ. ಅಷ್ಟೂ ಗೊತ್ತಾಗುವುದಿಲ್ಲವೇ ಅಂದುಕೊಂಡೆ.

ಮೂರನೇ ದಿನ ಪಿಳ್ಳಪ್ಪನವರ ಫೋನು. "ಸಾ, ಕುರಿ ಎರಡು ನೀರ್ ನೀರಾಗಿ ಉಚ್ಕೊಂತಾವೆ, ಒಸಿ ಬನ್ನಿ." ಹೋದೆ. ಕುರಿಗಳು ತಲೆ ಜೋತು ಹಾಕಿಕೊಂಡು ನಿಂತಿದ್ದವು. ಏನು ತಿನ್ನಿಸಿದಿರಿ ಎಂದು ಕೇಳಿದರೆ ಪಿಳ್ಳಪ್ಪ ಹೆಮ್ಮೆಯಿಂದ ತೊಟ್ಟಿ ತೋರಿಸಿದರು. ಕೆರೆದು ಕೆರೆದು ಫಳಫಳ ಹೊಳೆಯುತ್ತಿತ್ತು. ನನ್ನ ಜನ್ಮದಲ್ಲಿ ಅಷ್ಟು ಚೊಕ್ಕವಾದ ತೊಟ್ಟಿ ನೋಡಿರಲಿಲ್ಲ. "ನಿಮ್ ಪುಡಿಗೆ ಯಾಕೆ ಕಾಯೋದು ಅಂತ ನಮ್ದೇ ತಿನ್ನಿಸ್ದೆ" ಎಂದರು. ಕುರಿಗಳು ಬದುಕಿದವು, ಪುಣ್ಯ. ನಿಂತ ನೀರಿನ ಪಾಚಿಯಲ್ಲಿ ವಿಷದ ಜಾತಿಯೂ ಇರುತ್ತದೆ. ಅವು ಸತ್ತಿದ್ದರೆ ಕೊಂದವನು ನಾನೇ ಆಗುತ್ತಿದ್ದೆ, ಪಿಳ್ಳಪ್ಪ ಅಲ್ಲ. ಅಂದಿನಿಂದ ಸಭೆಗೆ ಹೋದರೆ ಪುಡಿಯ ಡಬ್ಬದ ಜೊತೆಗೆ ತೊಟ್ಟಿಯ ಪಾಚಿಯ ಬಾಟಲಿಯೊಂದನ್ನೂ ಒಯ್ಯುತ್ತಿದ್ದೆ. ಇದು ಬೇಡ, ಇದು ಬೇಕು ಎಂದು ಕೈಯಲ್ಲಿ ಎತ್ತಿ ತೋರಿಸುತ್ತಿದ್ದೆ.

ಕಣ್ಣಿಗೆ ಕಂಡದ್ದನ್ನು ಜನ ನಂಬುತ್ತಾರೆ ಎನ್ನುವುದು ನನಗೆ ಆಗ ಗಟ್ಟಿಯಾಯಿತು. ನಮ್ಮ ಮನೆಯ ನಾಲ್ಕು ನಾಟಿ ಕೋಳಿಗಳಿಗೆ ಪುಡಿ ತಿನ್ನಿಸಿ ನೋಡಿದೆ. ಸ್ವಲ್ಪ ದಿನಕ್ಕೆ ಮೊಟ್ಟೆಯ ಭಂಡಾರ, ಅಂದರೆ ಒಳಗಿನ ಹಳದಿ, ಕುಂಕುಮದ ಬಣ್ಣಕ್ಕೆ ತಿರುಗಿತು. ಬೇಯಿಸಿದ ಮೊಟ್ಟೆಗಳನ್ನು ಸಭೆಗೆ ಒಯ್ದು, ಪುಡಿ ತಿಂದ ಕೋಳಿಯದೊಂದು, ತಿನ್ನದ ಕೋಳಿಯದೊಂದು, ಚಾಕುವಿನಲ್ಲಿ ಎರಡು ಹೋಳು ಮಾಡಿ ತಟ್ಟೆಯಲ್ಲಿ ಇಟ್ಟೆ. ಭಾಷಣವೇ ಬೇಕಾಗಲಿಲ್ಲ. ಸಭೆ ಮುಗಿಯುವಷ್ಟರಲ್ಲಿ ಹೋಳುಗಳೂ ಮುಗಿದಿದ್ದವು. ಕರಪತ್ರ ಹಂಚಿದ ಕಾಲದಲ್ಲಿ ಅದರಲ್ಲಿ ಕಡಲೆಬೀಜ ಕಟ್ಟಿಕೊಂಡು ಹೋಗುತ್ತಿದ್ದರು, ಈಗ ವಾಟ್ಸಾಪಿನಲ್ಲಿ ಕಳಿಸಿದರೆ ಕೈ ಮುಗಿದ ಚಿತ್ರ ಕಳಿಸಿ ಮರೆಯುತ್ತಾರೆ. ತಟ್ಟೆಯಲ್ಲಿಟ್ಟ ಮೊಟ್ಟೆಯನ್ನು ಯಾರೂ ಮರೆಯಲಿಲ್ಲ.

ಇಷ್ಟರಲ್ಲಿ ನಮ್ಮ ಆಸ್ಪತ್ರೆಗೆ ವಸುಧಾ ಮೇಡಂ ಎಂಬ ಹೊಸ ಡಾಕ್ಟರು ಬಂದರು. ನನ್ನ ಮಗಳ ವಯಸ್ಸು, ನನಗೆ ಮೇಲಧಿಕಾರಿ. ನನ್ನ ರಿಜಿಸ್ಟರು ತೆಗೆದು ನೋಡಿದರು. ಪುಡಿ ತಿಂದ ಹಸುಗಳೆಲ್ಲ ಹಾಲು ಹೆಚ್ಚು ಕೊಟ್ಟಿವೆ ಎಂದು ನಾನು ಬರೆದಿದ್ದೆ, ಒಂದೂ ಬಿಡದೆ.

"ಎಲ್ಲಾ ಹಸೂನೂ ಒಂದೇ ಸಲ ಹೆಚ್ಚು ಕೊಟ್ಟಿದಾವಲ್ಲ, ನಿಮ್ಮನ್ನ ಕಂಡ್ರೆ ಅಷ್ಟು ಪ್ರೀತೀನಾ?" ಎಂದರು.

ನನ್ನ ಮುಖ ಕೆಂಪಾಯಿತು. ಆದರೆ ಅವರು ಹೇಳಿದ್ದು ಸರಿ. ನನ್ನ ಮೇಲಿನ ದಾಕ್ಷಿಣ್ಯಕ್ಕೆ ರೈತರು "ಜಾಸ್ತಿ ಆಗಿದೆ ಸಾ" ಅನ್ನುತ್ತಿದ್ದರು, ನಾನು ಬರೆದುಕೊಳ್ಳುತ್ತಿದ್ದೆ. ಮೇಡಂ ಹೊಸ ಪದ್ಧತಿ ಹೇಳಿಕೊಟ್ಟರು. ಮನೆಯವರ ಒಪ್ಪಿಗೆ ತೆಗೆದುಕೊಳ್ಳಬೇಕು, ಆದರೆ ಪುಡಿ ಯಾವ ದಿನದಿಂದ ಶುರು ಎನ್ನುವುದು ಹಾಲು ಕರೆಯುವವರಿಗೆ ಗೊತ್ತಿರಬಾರದು. ಆಗ ಅಳತೆ ಸುಳ್ಳು ಹೇಳುವುದಿಲ್ಲ. ನನಗೆ ತುಂಬ ಹಿಡಿಸಿತು. ಹುರುಪು ಹೆಚ್ಚಾದಾಗ ನಾನು ಅರ್ಧ ಕೇಳಿಸಿಕೊಂಡು ಓಡುವವನು. ಆವತ್ತೂ ಓಡಿದೆ.

ನಂದಗುಡಿ ಹೋಬಳಿಯ ಒಂದು ಊರು. ಹೆಸರು ಬೇಡ, ನಾನು ಹೇಳಲಿರುವ ಹೆಂಗಸರಿಬ್ಬರೂ ಅಲ್ಲೇ ಇದ್ದಾರೆ, ನನಗೆ ಈಗಲೂ ಆ ಎರಡು ಮನೆಗಳ ಕಾಫಿ ಬೇಕು. ಗಿರಿಜಮ್ಮ, ಅವರ ಗಂಡ ಶಿವಣ್ಣ, ಅವರ ಹಸು ಚುಕ್ಕಿ ಒಂದು ಕಡೆ. ಎದುರು ಮನೆಯಲ್ಲಿ ಮುನಿಯಮ್ಮ. ಗಿರಿಜಮ್ಮನ ಮನೆಯಲ್ಲಿ ಮೀನು ಮಾಂಸ ಮುಟ್ಟುವುದಿಲ್ಲ, ಸೋಮವಾರ ಈಶ್ವರನ ಗುಡಿಯ ಅಭಿಷೇಕಕ್ಕೆ ಚುಕ್ಕಿಯ ಹಾಲೇ ಹೋಗಬೇಕು. ಮುನಿಯಮ್ಮ ಎಲ್ಲವನ್ನೂ ತಿನ್ನುವವರು, ಅವರಿಗೆ ಹಸು ಇಲ್ಲ.

ಹಸು ಇಲ್ಲದ ಮನೆಯವರು ತಮ್ಮ ಕಲಗಚ್ಚನ್ನು ಹಸು ಇರುವ ಮನೆಯಲ್ಲಿ ಹಸು ಕುಡಿಯುವ ಬಾನಿಗೆ ಹಾಕುವುದು ನಮ್ಮ ಕಡೆಯ ವಾಡಿಕೆ. ಅಕ್ಕಿ ತೊಳೆದ ನೀರು, ಮುದ್ದೆ ಪಾತ್ರೆಯ ಸೀಕಲು, ತರಕಾರಿ ಸಿಪ್ಪೆ ಎಲ್ಲ ಅದರಲ್ಲಿ. ಮುನಿಯಮ್ಮ ದಿನಾ ಬೆಳಿಗ್ಗೆ ಒಂದು ಬಕೆಟ್ಟು ತಂದು ಎದುರು ಮನೆಯ ಬಾನಿಗೆ ಸುರಿಯುತ್ತಿದ್ದರು. ಮಗಳು ಹುಟ್ಟುವ ಮೊದಲಿನಿಂದ ಸುರಿಯುತ್ತಿದ್ದರು, ಆ ಮಗಳಿಗೆ ಈಗ ಮದುವೆಯಾಗಿದೆ. ಮನೆಯಲ್ಲಿ ಬಾಡೋ ಮೀನೋ ಮಾಡಿದ ದಿನ ಮಾತ್ರ ಬಕೆಟ್ಟನ್ನು ತೊಳೆದು ತಮ್ಮ ಜಗಲಿಯ ಮೇಲೆ ಬೋರಲು ಹಾಕುತ್ತಿದ್ದರು. ಬಕೆಟ್ಟು ಬೋರಲಾಗಿದ್ದರೆ ಇವತ್ತು ಎದುರು ಮನೆಯ ನೀರಿಲ್ಲ ಎಂದು ಗಿರಿಜಮ್ಮನಿಗೆ ತಿಳಿಯುತ್ತಿತ್ತು. ಇದನ್ನು ಅವರಿಬ್ಬರೂ ಕೂತು ಮಾತಾಡಿ ಗೊತ್ತು ಮಾಡಿಕೊಂಡದ್ದಲ್ಲ, ತಾನಾಗಿ ಆದದ್ದು. ಚುಕ್ಕಿ ಕರು ಹಾಕಿದರೆ ಗಿಣ್ಣು ಮೊದಲು ಹೋಗುತ್ತಿದ್ದದ್ದು ಮುನಿಯಮ್ಮನ ಮನೆಗೆ.

ಇದೆಲ್ಲ ನನಗೆ ಆಗ ಗೊತ್ತಿರಲಿಲ್ಲ. ಹತ್ತಾರು ವರ್ಷ ಆ ಬೀದಿಯಲ್ಲಿ ಓಡಾಡಿದ್ದೆ, ಬಕೆಟ್ಟನ್ನು ನೋಡಿರಲಿಲ್ಲ.

ಶಿವಣ್ಣನನ್ನು ಡೇರಿ ಹತ್ತಿರ ಹಿಡಿದೆ. ಅವರ ಮನೆಯಲ್ಲಿ ಹಾಲು ಕರೆಯುವುದು ಗಿರಿಜಮ್ಮ, ಬೆಳಿಗ್ಗೆ ಬೂಸ ಕಲೆಸುವುದು ಶಿವಣ್ಣ. ಪರೀಕ್ಷೆಗೆ ಇದಕ್ಕಿಂತ ಅನುಕೂಲ ಬೇಕೆ? "ದಿನಾ ಒಂದು ಅಳತೆ ಬಾನಿಗೆ ಹಾಕಿ ಕಲೆಸಿಬಿಡಪ್ಪ, ಮನೇಲಿ ಹೇಳ್ಬೇಡ" ಅಂದೆ. ಶಿವಣ್ಣ ಒಪ್ಪಿದ. ಮನೆಯ ಯಜಮಾನ ಒಪ್ಪಿದ ಮೇಲೆ ಮನೆ ಒಪ್ಪಿದಂತೆ ಎಂದು ರಿಜಿಸ್ಟರಿನಲ್ಲಿ ಬರೆದೆ.

ಈ ಪುಡಿಗೊಂದು ವಾಸನೆ ಇದೆ. ಹದವಾಗಿ ಬೆರೆಸಿದರೆ ಬೂಸದ ಘಮಕ್ಕೆ ಮುಚ್ಚಿಹೋಗುತ್ತದೆ. ಜಾಸ್ತಿಯಾದರೆ, ಅದರಲ್ಲೂ ಬೆಚ್ಚಗಿನ ನೀರಿಗೆ ಬಿದ್ದರೆ, ಹಸಿ ಮೀನಿನ ವಾಸನೆಯೇ. ಹತ್ತು ಹದಿನೈದು ದಿನ ಏನೂ ಆಗಲಿಲ್ಲ. ಆಮೇಲೆ ಶಿವಣ್ಣ ನೆಂಟರ ಮನೆಯ ಗೃಹಪ್ರವೇಶಕ್ಕೆ ಕೋಲಾರದ ಕಡೆ ಹೊರಟ. ಪರೀಕ್ಷೆ ತಪ್ಪಬಾರದಲ್ಲ, ಮೂರು ದಿನದ ಪುಡಿಯನ್ನು ಒಂದೇ ಸಲ ಬಾನಿಗೆ ಸುರಿದು ಬಸ್ಸು ಹತ್ತಿದ. ಅದೇ ಹೊತ್ತಿಗೆ ಮುನಿಯಮ್ಮ ಬಿಸಿ ಗಂಜಿಯ ಬಕೆಟ್ಟು ತಂದು ಅದರ ಮೇಲೆ ಸುರಿದರು.

ಚುಕ್ಕಿ ಮೂತಿ ಇಟ್ಟು ಹಿಂದಕ್ಕೆ ಸರಿಯಿತಂತೆ. ಗಿರಿಜಮ್ಮ ಬಗ್ಗಿ ಮೂಸಿ ನೋಡಿದರು.

ನಾನು ಮಾರನೆಯ ದಿನ ಲಸಿಕೆಗೆಂದು ಹೋದಾಗ ಬೀದಿಯಲ್ಲಿ ಜನ ಸೇರಿದ್ದರು.

"ನನ್ ಬಾನಿಗೆ ಮೀನ್ ತೊಳೆದ ನೀರ್ ಹಾಕ್ಬಿಟ್ಯಲ್ಲೇ ಮುನಿಯಮ್ಮ! ಸೋಮಾರದ ಹಾಲು ಕಣೇ, ದೇವ್ರಿಗೆ ಹೋಗೋ ಹಾಲು!"

"ಬಕೆಟ್ ಬೋರಲಾಕಿದ್ನಾ? ಇಲ್ಲ ತಾನೇ? ಯಾವತ್ತಾನ ತಪ್ಪಿದೀನಾ ಅಕ್ಕ? ನಿನ್ ಬಾಯಲ್ಲೇ ಹೇಳು."

"ನನ್ ಮೂಗು ಸುಳ್ಳು ಹೇಳ್ತದಾ?"

"ಅಂಗಾರೆ ನಾನು ಸುಳ್ಳು ಹೇಳ್ತೀನಾ?"

ಗಿರಿಜಮ್ಮ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಅದೇ ಉತ್ತರವಾಯಿತು. ಮುನಿಯಮ್ಮ ಬಕೆಟ್ಟನ್ನು ಜಗಲಿಯ ಮೇಲೆ ಬೋರಲು ಕುಕ್ಕಿದರು. ನನಗೆ ಆ ಕ್ಷಣದಲ್ಲೇ ಎಲ್ಲ ಗೊತ್ತಾಯಿತು. ಮೀನಿನ ವಾಸನೆ ಎಲ್ಲಿಂದ ಬಂತೆಂದು ಆ ಬೀದಿಯಲ್ಲಿ ಬಲ್ಲವನು ನಾನೊಬ್ಬನೇ. ಬಾಯಿ ಬಿಡಲಿಲ್ಲ. ಪಕ್ಕದ ಮನೆಯ ಎಮ್ಮೆಗೆ ಲಸಿಕೆ ಹಾಕಿ ಬಂದುಬಿಟ್ಟೆ.

ಊರಿಗೆ ವಾಪಸು ಬಂದ ಶಿವಣ್ಣ ಫೋನು ಮಾಡಿದ. "ಸಾ, ಮನೇಲಿ ಮುಖ ನೋಡೋಕಾಯ್ತಾ ಇಲ್ಲ. ಹೇಳ್ಬಿಡ್ಲಾ?"

"ಸೋಮವಾರ ಮೇಡಂ ಪರೀಕ್ಷೆ ನೋಡೋಕೆ ಬರ್ತಾರೆ. ಅಲ್ಲೀವರೆಗೂ ತಡ್ಕೊಳಪ್ಪ" ಅಂದೆ. ಹೆಂಗಸರ ಜಗಳ, ತಾನಾಗಿ ತಣ್ಣಗಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಇಷ್ಟು ವರ್ಷದ ನೌಕರಿಯಲ್ಲಿ ನಾನು ತಪ್ಪು ಬಹಳ ಮಾಡಿದ್ದೇನೆ. ಗೊತ್ತಿದ್ದೂ ಮಾಡಿದ್ದು ಇದು.

ಶನಿವಾರ ನಾನು ಆ ಬೀದಿಯಲ್ಲಿ ಬೈಕು ನಿಲ್ಲಿಸದೆ ದಾಟುತ್ತಿದ್ದೆ. ಮುನಿಯಮ್ಮ ಅಡ್ಡ ಬಂದು ಕೈ ತೋರಿಸಿದರು. ಸೆರಗಿನ ಮರೆಯಿಂದ ಒಂದು ನೀರಿನ ಬಾಟಲಿ ತೆಗೆದರು. ಬೆಳ್ಳಗಿನ ಕಲಗಚ್ಚು ತುಂಬಿತ್ತು, ತಳದಲ್ಲಿ ಎರಡು ಅವರೆಕಾಯಿ ಸಿಪ್ಪೆ.

"ಡಾಕ್ಟ್ರೇ, ರಕ್ತ, ಸಗಣಿ ಎಲ್ಲಾ ಪರೀಕ್ಷೆಗೆ ಕಳಿಸ್ತೀರಲ್ಲ. ಇದನ್ನೂ ಕಳಿಸಿ. ಇದ್ರಾಗೆ ಮೀನಿಲ್ಲ ಅಂತ ಒಂದು ಚೀಟಿ ಬರ್ಸಿಕೊಡಿ. ಗಿರಿಜಕ್ಕನಿಗೆ ತೋರಿಸ್ಬೇಕು."

ನಾನು ಬಾಟಲಿ ತೆಗೆದುಕೊಂಡೆ. "ಆಗಲಮ್ಮ" ಎಂದೆ. ಐಸ್ ಡಬ್ಬದಲ್ಲಿ ಲಸಿಕೆಯ ಪಕ್ಕದಲ್ಲಿ ಇಟ್ಟುಕೊಂಡೆ. ಅರ್ಧ ದಾರಿಯಲ್ಲಿ ಬೈಕು ನಿಲ್ಲಿಸಿ ಒಂದು ಹುಣಸೆ ಮರದ ಕೆಳಗೆ ಕೂತೆ. ತನ್ನ ಮನೆಯ ಅನ್ನದ ಗಂಜಿಗೆ ಸರ್ಕಾರದ ಚೀಟಿ ಬೇಕಾಯಿತು ಆ ಹೆಂಗಸಿಗೆ, ನನ್ನಿಂದ. ನನಗೆ ನಾಚಿಕೆಯಾಯಿತು. ಸುಮ್ಮನೆ ಹೇಳುತ್ತಿಲ್ಲ, ಕಣ್ಣಲ್ಲಿ ನೀರು ಬಂತು.

ಭಾನುವಾರ ಬೆಳಿಗ್ಗೆ ಹೋಗಿ ಇಬ್ಬರನ್ನೂ ಬೀದಿಗೆ ಕರೆದೆ. ಪುಡಿಯ ಡಬ್ಬ ತೆಗೆದು, ಅಂಗೈಗೆ ಒಂದಿಷ್ಟು ಹಾಕಿಕೊಂಡು, ಬಿಸಿನೀರು ಬಿಟ್ಟು ಕಲೆಸಿ ಇಬ್ಬರ ಮುಂದೆಯೂ ಹಿಡಿದೆ. ಗಿರಿಜಮ್ಮ ಮೂಸಿ ಮುಖ ಕಿವುಚಿದರು. ಇದು ಮೀನಲ್ಲ, ನೀರಿನ ಪಾಚಿ, ಚುಕ್ಕಿಗೆ ತಿನ್ನಿಸಲು ಶಿವಣ್ಣನಿಗೆ ಕೊಟ್ಟವನು ನಾನು, ಮುಚ್ಚಿಡು ಎಂದವನೂ ನಾನೇ ಎಂದೆ. ಅನುಮಾನ ಉಳಿಯಬಾರದೆಂದು ಅಂಗೈಯಲ್ಲಿದ್ದದ್ದನ್ನು ಬಾಯಿಗೆ ಹಾಕಿ ನುಂಗಿದೆ. ಹಲ್ಲೆಲ್ಲ ಹಸಿರಾಯಿತು. ಯಾರೂ ನಗಲಿಲ್ಲ.

ಗಿರಿಜಮ್ಮ ಗಂಡನ ಕಡೆ ತಿರುಗಿ ನೋಡಿದರು, ಶಿವಣ್ಣ ದನದ ಕೊಟ್ಟಿಗೆಯೊಳಗೆ ಮಾಯವಾದ. ಮುನಿಯಮ್ಮ ನನ್ನನ್ನೇ ನೋಡುತ್ತಿದ್ದರು.

"ನೆನ್ನೆ ಬಾಟ್ಲು ಇಸ್ಕೊಂಡಾಗ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತಮ್ಮ."

"ಮತ್ಯಾಕೆ ಇಸ್ಕೊಂಡ್ರಿ?"

ಮುನಿಯಮ್ಮ ಒಳಗೆ ಹೋದರು. ಬಕೆಟ್ಟು ಬೋರಲಾಗಿಯೇ ಇತ್ತು.

ಸೋಮವಾರ ಮೇಡಂ ಬಂದರು. ದಾರಿಯಲ್ಲೇ ಎಲ್ಲ ಹೇಳಿಬಿಟ್ಟೆ, ಮತ್ತೆ ಮುಚ್ಚಿಡುವ ಶಕ್ತಿ ಇರಲಿಲ್ಲ. ಅವರು ಬೈಯಲಿಲ್ಲ. ಬೈದಿದ್ದರೆ ಸುಲಭವಾಗುತ್ತಿತ್ತು.

"ಒಪ್ಪಿಗೆ ಯಾರದ್ದು ತಗೊಂಡ್ರಿ?"

"ಶಿವಣ್ಣಂದು ಮೇಡಂ."

"ಹಾಲು ಕರೆಯೋದು?"

"ಗಿರಿಜಮ್ಮ."

"ಕಲಗಚ್ಚು ಹಾಕೋದು?"

"ಮುನಿಯಮ್ಮ."

"ಹಾಗಾದ್ರೆ ಶಿವಣ್ಣನ್ನ ಯಾಕೆ ಕೇಳಿದ್ರಿ?"

ಹೊಸದಾಗಿ ಕೆಲಸಕ್ಕೆ ಸೇರುವವರು ಈ ಒಂದು ಪ್ರಶ್ನೆಯನ್ನು ಬರೆದಿಟ್ಟುಕೊಳ್ಳಿ. ನನಗೆ ಅದು ಸಿಕ್ಕಿದ್ದು ನಿವೃತ್ತಿಯ ಬಾಗಿಲಲ್ಲಿ. ಅಲ್ಲಿಯವರೆಗೆ ನಾನು ಸಭೆ ಮಾಡುತ್ತಿದ್ದದ್ದು ಜಗಲಿ ಕಟ್ಟೆಯ ಗಂಡಸರ ಜೊತೆ. ಹಸುವಿನ ಹೊಟ್ಟೆಗೆ ಏನು ಹೋಗುತ್ತದೆ ಎನ್ನುವುದು ಗೊತ್ತಿದ್ದವರು ಆ ಹೊತ್ತಿಗೆ ಮನೆಯಲ್ಲಿ ಬಾನಿಯ ಹತ್ತಿರ ಇರುತ್ತಿದ್ದರು.

ನಾವು ಬೀದಿಗೆ ಬಂದಾಗ ಮುನಿಯಮ್ಮ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ಎದುರುಗಡೆ ಗಿರಿಜಮ್ಮ ಚುಕ್ಕಿಯ ಹಗ್ಗ ಬಿಚ್ಚುತ್ತಿದ್ದರು. ಮೇವಿಗೆ ಹೊಡೆದುಕೊಂಡು ಹೋಗುತ್ತಾರೆ ಅಂದುಕೊಂಡೆ. ಅವರು ಬೀದಿ ದಾಟಿ, ಹಸುವನ್ನು ನೇರ ಮುನಿಯಮ್ಮನ ಜಗಲಿಗೆ ತಂದು ನಿಲ್ಲಿಸಿದರು.

"ಇವಳಿಗೆ ಬಾಯಾರಿಕೆ" ಎಂದರು.

ಮುನಿಯಮ್ಮ ತಲೆ ಎತ್ತಲಿಲ್ಲ. ಚುಕ್ಕಿ ಬೋರಲು ಬಕೆಟ್ಟನ್ನು ಮೂತಿಯಿಂದ ಒಂದು ಸಲ ತಳ್ಳಿತು. ಅವರೆ ಸಿಪ್ಪೆಯ ರಾಶಿಗೆ ನಾಲಿಗೆ ಚಾಚಿತು. ಮುನಿಯಮ್ಮ ಸಿಪ್ಪೆಯನ್ನು ಹಿಂದಕ್ಕೆ ಎಳೆದುಕೊಂಡರು.

"ಡಾಕ್ಟ್ರೇ, ಚೀಟಿ ಎಲ್ಲಿ?" ಎಂದು ನನ್ನನ್ನು ಕೇಳಿದರು. "ಮೊದ್ಲು ಚೀಟಿ."

ಮೇಡಂ ತಮ್ಮ ಪೆನ್ನು ಕೊಟ್ಟರು. ರಿಜಿಸ್ಟರಿನ ಹಾಳೆ ಹರಿದು, ಬೈಕಿನ ಸೀಟಿನ ಮೇಲಿಟ್ಟು ಬರೆದೆ. ಮುನಿಯಮ್ಮನವರು ಕೊಟ್ಟ ಕಲಗಚ್ಚಿನಲ್ಲಿ ಮೀನಿಲ್ಲ, ಎಂದೂ ಇರಲಿಲ್ಲ, ವಾಸನೆ ನನ್ನ ಪುಡಿಯದು ಎಂದು ಬರೆದು ಸಹಿ ಹಾಕಿದೆ. ಚೀಲದಲ್ಲಿದ್ದ ಆಸ್ಪತ್ರೆಯ ಮೊಹರನ್ನೂ ಒತ್ತಿದೆ. ಅದು ನಿಯಮಕ್ಕೆ ವಿರುದ್ಧ, ಮೇಡಂ ಆಕಾಶ ನೋಡುತ್ತಿದ್ದರು.

ಮುನಿಯಮ್ಮ ಚೀಟಿಯನ್ನು ಗಿರಿಜಮ್ಮನ ಕಡೆ ಚಾಚಿದರು. "ನನಗೆ ಓದೋಕೆ ಬರಲ್ಲ. ನೀನೇ ಓದು. ಜೋರಾಗಿ ಓದು, ಬೀದಿಯೋರು ಕೇಳ್ಲಿ."

ಗಿರಿಜಮ್ಮ ಓದಿದರು. ಒಂದೊಂದೇ ಮಾತು, ಶಾಲೆಯ ಮಕ್ಕಳ ಹಾಗೆ ನಿಲ್ಲಿಸಿ ನಿಲ್ಲಿಸಿ. ಎಂದೂ ಇರಲಿಲ್ಲ ಎನ್ನುವಲ್ಲಿ ಸ್ವಲ್ಪ ತಡೆದರು. ಕೊನೆಯಲ್ಲಿ ನನ್ನ ಸಹಿಯೂ ಮುಗಿದ ಮೇಲೆ ಹಾಳೆಯ ಮೇಲಿಂದ ಕಣ್ಣು ತೆಗೆಯದೆ ಇನ್ನೂ ಓದಿದರು:

"ಇಷ್ಟ್ ವರ್ಷ ನಂಬಿ ಕುಡಿಸಿದ ನೀರನ್ನ ಗಿರಿಜಮ್ಮ ಒಂದ್ ದಿನ ಮೂಸಿ ನೋಡಿದ್ದು ತಪ್ಪು."

ಮುನಿಯಮ್ಮ ಅವರನ್ನು ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು. "ಹೌದಾ ಡಾಕ್ಟ್ರೇ? ಅಂಗೂ ಬರ್ದಿದೀರಾ?"

ಹೌದು ಎಂದುಬಿಟ್ಟರೆ ಎಷ್ಟು ಚೆನ್ನಾಗಿತ್ತು ಅನ್ನಿಸಿತು. ಆದರೆ ಆ ಹೆಂಗಸಿನ ಮುಂದೆ ಇನ್ನೊಂದು ಸಲ ಸುಳ್ಳು ಹೇಳುವ ಧೈರ್ಯ ನನಗೆ ಇರಲಿಲ್ಲ.

"ಇಲ್ಲಮ್ಮ. ನಾನು ಬರೆದಿಲ್ಲ. ಅದನ್ನ ಗಿರಿಜಮ್ಮನೇ ಸೇರಿಸಿದ್ದು."

ಮುನಿಯಮ್ಮ ಮಡಿಲಲ್ಲಿದ್ದ ಅವರೆಕಾಯಿಯನ್ನು ಮೊರಕ್ಕೆ ಸುರಿದು ಎದ್ದರು. ಚೀಟಿಯನ್ನು ಗಿರಿಜಮ್ಮನ ಕೈಯಲ್ಲೇ ಬಿಟ್ಟು, ಬಗ್ಗಿ ಬಕೆಟ್ಟನ್ನು ನೆಟ್ಟಗೆ ಮಾಡಿ, ಒಳಗಿನಿಂದ ಗಂಜಿಯ ಪಾತ್ರೆ ತಂದು ಸುರಿದರು. ಚುಕ್ಕಿ ಮೂಸದೆ ಮೂತಿ ಇಟ್ಟಿತು.